ಮನೆಗೆ ಫೈಬರ್: ಅಳವಡಿಕೆಗೆ ಏಕಿಷ್ಟು ಹಣ?

ಪ್ರಶ್ನೆ: ಶಿವಮೊಗ್ಗದಲ್ಲಿರುವ ನನ್ನ ತಮ್ಮನ ಮನೆಗೆ ಫೈಬರ್ ಇಂಟರ್‌ನೆಟ್ ಸಂಪರ್ಕವನ್ನು ಉಚಿತವಾಗಿ ಅಳವಡಿಸಿಕೊಟ್ಟರು. ರಸ್ತೆಯಿಂದ ಮುಕ್ಕಾಲು ಕಿಲೋಮೀಟರ್ ಒಳಗೆ, ತೋಟದ ನಡುವೆ ಇರುವ ನಮ್ಮ ಮನೆಗೆ 7,000 ರೂಪಾಯಿ ಕೇಳುತ್ತಿದ್ದಾರೆ. ಇದು ನ್ಯಾಯವೇ?
– ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ತಮ್ಮನವರಿಗೆ ಸಿಕ್ಕ ‘ಉಚಿತ’ವನ್ನು ಮೊದಲು ಪರಿಶೀಲಿಸಬೇಕು. ಸಾಮಾನ್ಯವಾಗಿ ಆರು ತಿಂಗಳ ಅಥವಾ ವರ್ಷದ ಇಂಟರ್‌ನೆಟ್ ಬಾಡಿಗೆಯನ್ನು ಮುಂಗಡವಾಗಿ ಕಟ್ಟಿದವರಿಗಷ್ಟೇ ಅಳವಡಿಕೆಯ ಶುಲ್ಕ ಮನ್ನಾ ಆಗುತ್ತದೆ. ಅಂದರೆ ಆ ಖರ್ಚು ಬಾಡಿಗೆಯೊಳಗೇ ಸೇರಿಕೊಂಡಿರುತ್ತದೆ.

ಇನ್ನು ದೂರದ ಮಾತು. ದೂರವಾಣಿ ವಿನಿಮಯ ಕೇಂದ್ರದಿಂದ ಹೊರಟ ಒಂದೇ ಗಾಜಿನ ಎಳೆಯನ್ನು (ಫೈಬರ್ ಎಂದರೆ ಇದೇ) ‘ಸ್ಪ್ಲಿಟರ್’ ಎಂಬ ಪುಟ್ಟ ಸಾಧನದ ಮೂಲಕ 32 ಅಥವಾ 64 ಮನೆಗಳಿಗೆ ಹಂಚಬಹುದು. ಪೇಟೆಯಲ್ಲಿ ಅಷ್ಟೂ ಮನೆಗಳು ಒಂದೆರಡು ಬೀದಿಗಳಲ್ಲೇ ಸಿಗುವುದರಿಂದ ಕಂಬದ ಪೆಟ್ಟಿಗೆಯಿಂದ ಮನೆಗೆ ಎಳೆಯಬೇಕಾದ ಕೇಬಲ್ ಕೆಲವೇ ಮೀಟರ್. ನಿಮ್ಮ 750 ಮೀಟರ್ ಕೇಬಲ್ ಮಾತ್ರ ನಿಮ್ಮೊಬ್ಬರಿಗಾಗಿಯೇ ಬರಬೇಕು. ಅದರ ಒಳಗಿನ ಎಳೆಯ ದಪ್ಪ 0.125 ಮಿಲಿಮೀಟರ್, ತುದಿಗಳನ್ನು ತಾಮ್ರದ ತಂತಿಯಂತೆ ಹೊಸೆದು ಕೂಡಿಸಲಾಗದು, ದುಬಾರಿ ಯಂತ್ರದಲ್ಲಿಟ್ಟು ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯಬೇಕು. ಆ ಯಂತ್ರದೊಂದಿಗೆ ಬರುವ ನುರಿತ ಕೆಲಸಗಾರನಿಗೆ ಒಂದು ಮನೆಯಾದರೂ ಐದು ಮನೆಯಾದರೂ ಇಡೀ ದಿನ ಹೋಗುತ್ತದೆ.

2011ರಲ್ಲಿ ಒಪ್ಪಿಗೆ ಪಡೆದು, ಮುಂದೆ ಭಾರತ್‌ನೆಟ್ ಎನಿಸಿಕೊಂಡ ಸರ್ಕಾರಿ ಯೋಜನೆ ಫೈಬರನ್ನು ಗ್ರಾಮ ಪಂಚಾಯಿತಿಯವರೆಗೆ ತಲುಪಿಸಲು ಹೊರಟದ್ದು. ಅಲ್ಲಿಂದ ಮುಂದಿನ ದಾರಿ ಬಹುಮಟ್ಟಿಗೆ ಸ್ಥಳೀಯ ಕೇಬಲ್ ಟಿ.ವಿ.ಯವರಂಥ ಸಣ್ಣ ಪಾಲುದಾರರ ಪಾಲಿಗೆ ಬಂದಿದೆ. ತಿಂಗಳ ಬಾಡಿಗೆಯಲ್ಲಿ ಸಿಗುವ ಪಾಲಿನಿಂದ ಬಂಡವಾಳ ಮರಳಲು ವರ್ಷಗಳೇ ಬೇಕಾಗುವುದರಿಂದ ಅವರು ಅದನ್ನು ಮೊದಲೇ ಕೇಳುತ್ತಾರೆ.

ಆದ್ದರಿಂದ ನಿಮಗೆ ಹೇಳಿದ ಮೊತ್ತವನ್ನು ಸುಲಿಗೆ ಎನ್ನಲಾರೆ. ಆದರೆ ಲೆಕ್ಕವನ್ನು ಬಿಡಿಸಿ ಬರೆದುಕೊಡಲು ಖಂಡಿತ ಕೇಳಿ: ಕೇಬಲ್‌ಗೆ ಮೀಟರಿಗೆಷ್ಟು, ಮೋಡೆಮ್ ನಿಮ್ಮದಾಗುವುದೋ ಅಥವಾ ಅದಕ್ಕೆ ಕಟ್ಟಿದ್ದು ಮರಳಿ ಬರುವ ಠೇವಣಿಯೋ, ಶೇ 18ರ ಜಿಎಸ್‌ಟಿ ಇದರಲ್ಲೇ ಸೇರಿದೆಯೋ. ಮಳೆಗಾಲದಲ್ಲಿ ಕೊಂಬೆ ಬಿದ್ದು ಕೇಬಲ್ ತುಂಡಾದರೆ ದುರಸ್ತಿಯ ಖರ್ಚು ಯಾರದೆಂಬುದನ್ನೂ ಬರೆಸಿಕೊಳ್ಳಿ. ಮಲೆನಾಡಿನಲ್ಲಿ ಅಳವಡಿಕೆಯ ಶುಲ್ಕಕ್ಕಿಂತ ಹೆಚ್ಚು ಜಗಳ ಹುಟ್ಟುವುದು ಇಲ್ಲಿಯೇ. ಅಕ್ಕಪಕ್ಕದ ಎರಡು ಮೂರು ಮನೆಯವರು ಕೂಡಿಬಂದರೆ, ನಾಲ್ಕು ಎಳೆಗಳಿರುವ ಒಂದೇ ಕೇಬಲ್ ತರಿಸಿ ಖರ್ಚು ಹಂಚಿಕೊಳ್ಳಬಹುದು. ಆದರೆ ಆ ಮಾತುಕತೆ ಕೇಬಲ್ ಎಳೆಯುವ ಮೊದಲೇ ಆಗಬೇಕು.