ಹಸುಗೂಸಿನ ಮೂಗು ಗೊರಗೊರ ಅಂದರೆ ಎಣ್ಣೆ ಬಿಡಬೇಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಗುವಿಗೆ 20 ದಿನ. ಜ್ವರ ಇಲ್ಲ, ಹಾಲು ಚೆನ್ನಾಗಿ ಕುಡಿಯುತ್ತದೆ. ಆದರೆ ಮಲಗಿದಾಗ ಮೂಗು ಗೊರಗೊರ ಅನ್ನುತ್ತದೆ. ಕಫ ಕಟ್ಟಿದೆ, ನೀರು ಹಾಕಿದ ಮೇಲೆ ಮೂಗಿಗೆ ಎಣ್ಣೆ ಬಿಟ್ಟು ಸಾಂಬ್ರಾಣಿ ಹೊಗೆ ಕೊಡಿ ಅಂತಾರೆ ಅತ್ತೆ. ಕೊಡಬಹುದಾ?

ಉತ್ತರ: ಬೇಡಮ್ಮಾ, ಎರಡೂ ಬೇಡ. ವಾರಕ್ಕೊಮ್ಮೆಯಾದರೂ ಈ ಪ್ರಶ್ನೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಎಣ್ಣೆ ಬಿಟ್ಟ ಮೇಲೆ ಕೇಳುತ್ತಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಎಳೆಗೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಆ ಮೂಗಿನ ದಾರಿ ತುಂಬಾ ಕಿರಿದು. ಒಂಚೂರು ಸಿಂಬಳ ಒಣಗಿದರೂ, ಕಕ್ಕಿದ ಹಾಲು ಮೂಗಿಗೆ ಏರಿದರೂ ಸದ್ದು ಜೋರಾಗಿ ಕೇಳುತ್ತದೆ. ಬೆನ್ನ ಮೇಲೆ ಕೈಯಿಟ್ಟರೆ ಗೊರಗೊರ ತಾಗುತ್ತದೆ. ಹಾಗಂತ ಎದೆಯಲ್ಲಿ ಕಫ ಇದೆ ಅಂತಲ್ಲ. ಆದರೆ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಆ ನ್ಯುಮೋನಿಯಾ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಇಲ್ಲದ ಕಫಕ್ಕೆ ಮದ್ದು ಮಾಡಲು ಹೋಗಿ ನಿಜವಾದ ಕಾಯಿಲೆ ತರಿಸಿಕೊಳ್ಳಬೇಕಾ? ಹೊಗೆಯೂ ಅಷ್ಟೇ, ಮೂಗಿನ ಒಳಪದರ ಊದಿ ಸದ್ದು ಜಾಸ್ತಿಯಾಗುತ್ತದೆ.

ಹಾಲು ಕುಡಿಸುವ ಮುಂಚೆ ಎರಡೂ ಹೊಳ್ಳೆಗೆ ಒಂದೆರಡು ಹನಿ ಸಲೈನ್ ಡ್ರಾಪ್ಸ್ (ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ) ಹಾಕಿ, ಸಾಕು. ಅಂಗಡಿಯಲ್ಲಿ ಸುಮ್ನೆ 'ಮೂಗಿನ ಡ್ರಾಪ್ಸ್' ಅಂತ ಕೇಳಬೇಡಿ. ಮೂಗು ಕಟ್ಟಿದಾಗ ದೊಡ್ಡವರಿಗೆ ಕೊಡುವ ಕ್ಸೈಲೋಮೆಟಜೋಲಿನ್ ಡ್ರಾಪ್ಸ್ ಕೈಗೆ ಬಂದರೆ ಅಪಾಯ. ಬಾಯಿಂದ ಊದುವುದು, ಬೆರಳು ಹಾಕಿ ಕಫ ತೆಗೆಯುವುದು ಕೂಡದು.

ಸದ್ದಿಗಿಂತ ಎದೆ ನೋಡಿ. ಮಗು ಮಲಗಿರುವಾಗ ಬಟ್ಟೆ ಸರಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಮ್ಮೆ ಎಣಿಸಿ. ಆಗಲೂ ಹಾಗೇ ಇದ್ದರೆ ಹೊರಡಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹೊಳ್ಳೆ ಅರಳುತ್ತಿದ್ದರೆ, ಉಸಿರು ಬಿಡುವಾಗಲೆಲ್ಲ ನರಳಿದರೆ, ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಎಣಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ತುಟಿ, ನಾಲಿಗೆ ನೀಲಿಯಾದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.

ಪ್ರಶ್ನೆ: ನಿದ್ದೆಯಲ್ಲಿ ಮಗು ಉಸಿರು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಯಾಕೆ?

ಉತ್ತರ: 5–10 ಸೆಕೆಂಡ್ ನಿಲ್ಲಿಸಿ ತಾನೇ ಶುರು ಮಾಡಿದರೆ ಸಹಜ. 20 ಸೆಕೆಂಡ್ ದಾಟಿದರೆ, ಅಥವಾ ಬಣ್ಣ ಬದಲಾದರೆ ತುರ್ತು.

ಪ್ರಶ್ನೆ: ಉಸಿರು ಎಳೆದುಕೊಳ್ಳುವಾಗ ಗಂಟಲಲ್ಲಿ ಕೀರಲು ಸದ್ದು. ಅಂಗಾತ ಮಲಗಿಸಿದರೆ ಜಾಸ್ತಿ.

ಉತ್ತರ: ಇದು ಮೂಗಿನದ್ದಲ್ಲ. ಹೆಚ್ಚಾಗಿ ಧ್ವನಿಪೆಟ್ಟಿಗೆಯ ಮೇಲ್ಭಾಗ ಮೆತ್ತಗಿರುವುದರಿಂದ ಹೀಗಾಗುತ್ತದೆ. ಲ್ಯಾರಿಂಗೋಮಲೇಶಿಯಾ ಅನ್ನುತ್ತಾರೆ. ಬಹುತೇಕ ಮಕ್ಕಳಿಗೆ ಒಂದೂವರೆ-ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಆದರೂ ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಲೇಬೇಕು, ವಿಡಿಯೋ ಮಾಡಿಕೊಂಡು ಹೋಗಿ. ಸದ್ದಿಗೆ ಹೆದರಿ ಬೋರಲು ಮಲಗಿಸಬೇಡಿ.

ಪ್ರಶ್ನೆ: ಎದೆಗೆ ವಿಕ್ಸ್ ಹಚ್ಚಬಹುದಾ?

ಉತ್ತರ: ಎರಡು ವರ್ಷ ಆಗುವವರೆಗೆ ಬೇಡ. ಕರ್ಪೂರವೂ ಬೇಡ, ಅದು ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು.

ಪ್ರಶ್ನೆ: ಪಕ್ಕೆ ಸೆಳೆತಕ್ಕೆ ಊರಲ್ಲಿ ಬರೆ ಹಾಕುತ್ತಾರೆ. ಹಾಕಿಸಬಹುದಾ?

ಉತ್ತರ: ಖಂಡಿತ ಬೇಡ. ಪಕ್ಕೆ ಸೆಳೆಯುವುದು ನ್ಯುಮೋನಿಯಾದ ಲಕ್ಷಣ ಇರಬಹುದು. ಬರೆ ಹಾಕಿದರೆ ಸುಟ್ಟ ಗಾಯಕ್ಕೆ ಸೋಂಕು ತಗಲಬಹುದು, ನ್ಯುಮೋನಿಯಾ ಎದೆಯಲ್ಲಿ ಹಾಗೇ ಉಳಿಯುತ್ತದೆ. ಬರೆ ಹಾಕುವವರ ಮನೆಗೆ ಹೋಗುವ ಹೊತ್ತಿನಲ್ಲಿ ಆಸ್ಪತ್ರೆ ಸೇರಿರಿ.