ಮಯಸ್ತೇನಿಯಾಗೆ (ಸ್ನಾಯುಗಳು ಬೇಗ ಸೋಲುವ ಕಾಯಿಲೆ) ಥೈಮಸ್ (ಎದೆ ಮೂಳೆಯ ಹಿಂದಿರುವ ಗ್ರಂಥಿ) ತೆಗೆಸಬೇಕಂತೆ. ಕೀಹೋಲ್ ಒಳ್ಳೆಯದಾ, ಎದೆ ಮೂಳೆ ಕೊಯ್ದು ಮಾಡುವುದಾ? ಮಾತ್ರೆ ಯಾವಾಗ ನಿಲ್ಲಿಸಬಹುದು? ಸಂಜೆಯಾದರೆ ದನಿ ಮೂಗಿನಲ್ಲಿ ಬರುತ್ತೆ, ಅದು ಬಿಡಿ.

ಎರಡು ವರ್ಷದ ಹಿಂದೆ ನಾನೂ ಮಧ್ಯರಾತ್ರಿ ಇದನ್ನೇ ಹುಡುಕುತ್ತಿದ್ದೆ. ಒಂದು ಕಣ್ಣು ಮುಚ್ಚಿಕೊಂಡು. ಎರಡೂ ತೆರೆದರೆ ಅಕ್ಷರ ಎರಡೆರಡು ಕಾಣುತ್ತಿತ್ತು.

ನನಗೆ ಕೀಹೋಲ್‌ನಲ್ಲೇ ಆಯಿತು. ಪಕ್ಕೆಲುಬಿನ ಸಂದಿಯಲ್ಲಿ ಮೂರು ತೂತು. ಗಾಯ ಬೇಗ ಒಣಗಿತು, ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ನಾನು ಎಡವಿದ್ದು ಬೇರೆ ಕಡೆ.

ಆಪರೇಷನ್‌ಗೆ ಒಂದು ವಾರ ಇರುವಾಗ ನುಂಗುವುದು ಕಷ್ಟವಾಯಿತು. ನೀರು ಮೂಗಿಗೆ ಬರುತ್ತಿತ್ತು. ಅರ್ಧ ಊಟಕ್ಕೇ ದವಡೆ ಸೋತು, ಗಲ್ಲಕ್ಕೆ ಕೈ ಕೊಟ್ಟು ಅಗಿಯುತ್ತಿದ್ದೆ. ಯಾರಿಗೂ ಹೇಳಲಿಲ್ಲ. ರಜೆ ಮಂಜೂರಾಗಿತ್ತು, ನೋಡಿಕೊಳ್ಳಲು ಅಕ್ಕ ಬಂದಿದ್ದಳು, ದಿನ ಮುಂದೆ ಹೋದರೆ ಎಲ್ಲ ಮತ್ತೆ ಮೊದಲಿಂದ ಅಲ್ವಾ? ಅರಿವಳಿಕೆ ಡಾಕ್ಟರು ನೇರವಾಗಿಯೇ ಕೇಳಿದರು, "ನುಂಗೋಕೆ, ಉಸಿರಾಡೋಕೆ ತೊಂದರೆ ಇದೆಯಾ?" ಇಲ್ಲ ಅಂದೆ. ಅಷ್ಟೇ ಅಲ್ಲ, ಲೆಕ್ಕ ಹಾಕಿ ಒಂದು ಗಂಟೆ ಮೊದಲು ಪೈರಿಡೋಸ್ಟಿಗ್ಮಿನ್ (ಸ್ನಾಯುಗಳಿಗೆ ಕೆಲ ಹೊತ್ತು ಬಲ ಕೊಡುವ ಮಾತ್ರೆ) ನುಂಗಿ ಹೋಗಿದ್ದೆ. ಆ ಹೊತ್ತಿಗೆ ನನ್ನ ದನಿ ಗಟ್ಟಿಯಾಗಿರುತ್ತದೆ. ಅವರಿಗೆ ಗೊತ್ತಾಗುವುದಾದರೂ ಹೇಗೆ?

ನುಂಗುವ, ಉಸಿರಾಡುವ ಸ್ನಾಯುಗಳು ಸೋತಿರುವಾಗ ಈ ಆಪರೇಷನ್ ಮಾಡುವುದಿಲ್ಲ. ಇದು ತುರ್ತಿನದ್ದೇ ಅಲ್ಲ. ಮೊದಲು ಪ್ಲಾಸ್ಮಾ (ರಕ್ತದ ದ್ರವಭಾಗ) ಬದಲಿಸಿಯೋ, ಇಮ್ಯುನೊಗ್ಲೋಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ರಕ್ಷಕ ಪ್ರೋಟೀನ್) ಕೊಟ್ಟೋ ಬಲ ಬರಿಸುತ್ತಾರೆ. ಅದನ್ನು ನಾನೇ ಕೈಯಾರೆ ತಪ್ಪಿಸಿಕೊಂಡೆ. ಆಪರೇಷನ್ ಆಗಿ ಗಂಟಲಿನ ಉಸಿರಿನ ನಳಿಕೆ ತೆಗೆದ ದಿನ ರಾತ್ರಿಯೇ ಉಸಿರು ಎಳೆಯಲಾಗಲಿಲ್ಲ. ಮತ್ತೆ ನಳಿಕೆ, ಒಂಬತ್ತು ದಿನ ವೆಂಟಿಲೇಟರ್. ಯಾವ ಪ್ಲಾಸ್ಮಾ ಚಿಕಿತ್ಸೆ ಮೊದಲೇ ಆಗಬೇಕಿತ್ತೋ ಅದು ಅಲ್ಲಿ ಮಲಗಿರುವಾಗ ಆಯಿತು.

ಹಾಗಾಗಿ ತೂತೋ ಕೊಯ್ತವೋ ಎನ್ನುವುದು ನನಗೆ ದೊಡ್ಡ ಪ್ರಶ್ನೆ ಅನಿಸುವುದೇ ಇಲ್ಲ. ಕೀಹೋಲ್‌ನಲ್ಲಿ ನೋವು ಕಡಿಮೆ, ಮನೆಗೂ ಬೇಗ ಹೋಗಬಹುದು, ಸರಿ. ಥೈಮಸ್ ಜೊತೆ ಸುತ್ತಲಿನ ಕೊಬ್ಬನ್ನೂ ಪೂರ್ತಿ ತೆಗೆಯುತ್ತೀರಾ ಅಂತ ಸರ್ಜನ್ ಹತ್ತಿರ ಕೇಳಿ. ಥೈಮಸ್‌ನಲ್ಲಿ ದೊಡ್ಡ ಗಡ್ಡೆ ಇದ್ದರೆ ಎದೆ ತೆರೆಯಬೇಕಾಗಬಹುದು. ರಕ್ತದಲ್ಲಿ ಯಾವ ಆಂಟಿಬಾಡಿ (ಈ ಕಾಯಿಲೆಯಲ್ಲಿ ನಮ್ಮ ಸ್ನಾಯುವಿನ ಮೇಲೇ ದಾಳಿ ಮಾಡುವ ಪ್ರೋಟೀನ್) ಇದೆ ಅಂತಲೂ ಕೇಳಿ. ನರದ ಸಂದೇಶ ಹಿಡಿಯುವ ಅಸಿಟೈಲ್‌ಕೋಲಿನ್ ರಿಸೆಪ್ಟರ್‌ನದ್ದಾದರೆ ಈ ಆಪರೇಷನ್‌ಗೆ ಅರ್ಥವಿದೆ. ಮಸ್ಕ್ (ಸ್ನಾಯುವಿನ ಇನ್ನೊಂದು ಪ್ರೋಟೀನ್) ಆಂಟಿಬಾಡಿ ಇದ್ದು ಗಡ್ಡೆ ಇಲ್ಲದಿದ್ದರೆ ಸಾಮಾನ್ಯವಾಗಿ ಮಾಡುವುದಿಲ್ಲ.

ಇನ್ನು ಮಾತ್ರೆ. ನಿಲ್ಲಿಸುವ ದಿನಾಂಕ ಇಟ್ಟುಕೊಂಡು ಆಪರೇಷನ್‌ಗೆ ಹೋಗಬೇಡಿ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ 126 ಜನರಿದ್ದರು. ಅದರಲ್ಲಿ ಆಪರೇಷನ್ ಆದವರಿಗೆಲ್ಲ ಎದೆ ಮೂಳೆ ಕೊಯ್ದೇ ಮಾಡಿದ್ದು. ಮೂರು ವರ್ಷದ ಲೆಕ್ಕದಲ್ಲಿ, ಆಪರೇಷನ್ ಆಗದವರಿಗಿಂತ ಅವರಿಗೆ ನಿಶ್ಶಕ್ತಿ ಕಡಿಮೆಯಿತ್ತು, ಸ್ಟಿರಾಯ್ಡ್ ಕೂಡ ಕಡಿಮೆ ಸಾಕಾಗಿತ್ತು. ಕಡಿಮೆ ಅಷ್ಟೇ. ನಾನು ಈಗಲೂ ಮಾತ್ರೆ ನುಂಗುತ್ತಿದ್ದೇನೆ, ಮೊದಲಿನ ಅರ್ಧದಷ್ಟು.

ಪ್ರಶ್ನೆಯ ಕೊನೆಗೆ "ಸಂಜೆಯಾದರೆ ದನಿ ಮೂಗಿನಲ್ಲಿ ಬರುತ್ತೆ, ಅದು ಬಿಡಿ" ಅಂತ ಸುಮ್ನೆ ಸೇರಿಸಿದ್ದೀರಲ್ಲ. ಬಿಡುವುದು ಹೇಗೆ? ನಿಮ್ಮ ನರರೋಗ ತಜ್ಞರಿಗೆ ಇವತ್ತೇ ಫೋನ್ ಮಾಡಿ. ಸಾಧ್ಯವಾದರೆ ಸಂಜೆ ಹೊತ್ತಲ್ಲೇ ಮಾಡಿ, ಆ ದನಿ ಅವರ ಕಿವಿಗೂ ಬೀಳಲಿ.