ಬಿ.ಎ. ಮಕ್ಕಳಿಗೆ ವಚನ ಪಾಠ: ಸ್ತ್ರೀವಾದಿ ಓದು ಮೊದಲೋ, ದಲಿತ ದೃಷ್ಟಿ ಮೊದಲೋ?

ವಚನ ಕಲಿಸುವಾಗ ಹೆಣ್ಣಿನ ಕಣ್ಣಿನಿಂದ ನೋಡುವ ಸ್ತ್ರೀವಾದಿ ಓದಿನಿಂದ ಶುರು ಮಾಡಲೋ, ದಲಿತ ದೃಷ್ಟಿಯಿಂದಲೋ ಅಂತ ಕೇಳಿದ್ದೀರಿ. ಎರಡೂ ಬೇಡ, ಮೊದಲು ವಚನ ಓದಿಸಿ. ‘ಎಲ್ಲರೂ ಗೈಡಿನ ಮಾತನ್ನೇ ಬರೀತಾರೆ’ ಅಂದಿದ್ದೀರಲ್ಲ, ಅದು ಮಕ್ಕಳ ಸೋಮಾರಿತನ ಅಂತ ನಾನೂ ನಂಬಿದ್ದೆ. ತಪ್ಪು ನನ್ನದೇ: ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ಓದುವ ಮುಂಚೆಯೇ ಬೋರ್ಡಿನ ಮೇಲೆ ‘ಸ್ತ್ರೀವಾದಿ ಓದು’ ಅಂತ ಬರೆಯುತ್ತಿದ್ದೆ. ಉತ್ತರ ಮೊದಲೇ ಸಿಕ್ಕಿದ ಮೇಲೆ ಸಾಲುಗಳನ್ನು ಯಾರು ನೋಡುತ್ತಾರೆ? ಆ ಉತ್ತರಕ್ಕೆ ಸಾಕ್ಷಿ ಹುಡುಕುತ್ತಾರೆ; ಸಿಗದಿದ್ದರೆ ‘ಪುರುಷಪ್ರಧಾನ ವ್ಯವಸ್ಥೆಯ ವಿರುದ್ಧ ದನಿ ಎತ್ತಿದರು’ ಅಂತ ಬರೆದು ಮುಗಿಸುತ್ತಾರೆ. ಯಾವ ವಚನಕಾರ್ತಿಗೆ ಅಂಟಿಸಿದರೂ ನಡೆಯುವ ವಾಕ್ಯ ಅದು. ಗೈಡಿನವರು ಮಾರುವುದೂ ಅದನ್ನೇ.

ವಚನವನ್ನು ಅಂಕಿತ (ವಚನಕಾರರ ಗುರುತಾಗಿ ವಚನದಲ್ಲಿ ಬರುವ ದೇವರ ಹೆಸರು) ತೆಗೆದು ಹಾಳೆಯಲ್ಲಿ ಕೊಡಿ. ಅಂಕಿತ ಕಂಡರೆ ಕವಿಪರಿಚಯ ಶುರುವಾಗುತ್ತದೆ. (ಹೊಸ ಉಪಾಯವೇನಲ್ಲ. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಗಳ ಹೆಸರು ಮರೆಮಾಡಿ ಕವಿತೆ ಹಂಚಿ, ಬಂದ ಬರಹಗಳನ್ನು ವಿಶ್ಲೇಷಿಸಿ 1929ರಲ್ಲಿ ಪುಸ್ತಕವನ್ನೇ ತಂದರು.) ಎರಡು ಸಲ ಗಟ್ಟಿಯಾಗಿ ಓದಿಸಿ, ಒಂದೇ ಪ್ರಶ್ನೆ ಕೇಳಿ: ಮೂರು ಮನೆಗಳಲ್ಲಿ ಕ್ರಿಯಾಪದ ಎಲ್ಲಿ ಬದಲಾಯಿತು? ಬೆಟ್ಟದಲ್ಲಿ ಮೃಗಕ್ಕೆ ಅಂಜುವುದು, ಸಮುದ್ರದ ತಡಿಯಲ್ಲಿ ನೊರೆತೆರೆಗೆ ಅಂಜುವುದು. ಸಂತೆಯಲ್ಲಿ ಮಾತ್ರ ಶಬ್ದಕ್ಕೆ ನಾಚುವುದು. ಯಾಕೆ? ಏಳು ನಿಮಿಷ ಮಾತಿಲ್ಲದೆ ಬರೆಯಲಿ. ಸಂತೆಯ ಮಾತಿಗೆ ಯಾರು ನಾಚಬೇಕಾಗುತ್ತದೆ ಎಂಬಲ್ಲಿಗೆ ಒಂದಾದರೂ ಹಾಳೆ ಬಂದು ನಿಲ್ಲುತ್ತದೆ. ಸ್ತ್ರೀವಾದ ಎಂಬ ಹೆಸರನ್ನು ಆಗ ಹೇಳಿ. ಜೊತೆಗೆ, ಕೋಪ ಮಾಡಿಕೊಳ್ಳದೆ ಸಮಾಧಾನಿಯಾಗಿರಬೇಕು ಎನ್ನುವ ವಚನದ ಕೊನೆಯ ಮಾತಿಗೂ ‘ದನಿ ಎತ್ತಿದರು’ ಎನ್ನುವುದಕ್ಕೂ ಹೊಂದುತ್ತದೆಯೇ ಅಂತ ಕೇಳಿ. ತರಗತಿ ಎರಡು ಪಾಲಾಗುತ್ತದೆ, ಆಗಲಿ.

ಬರಹ 150 ಪದ ಮೀರಬಾರದು. ‘ಶೋಷಣೆ’, ‘ವ್ಯವಸ್ಥೆ’, ‘ಪ್ರತಿಭಟನೆ’ ನಿಷೇಧ. ಪ್ರತಿ ಅಭಿಪ್ರಾಯದ ಪಕ್ಕ ವಚನದ ಒಂದು ಪದವಾದರೂ ಇರಬೇಕು. ಮೊದಲ ಕರಡಿಗೆ ಅಂಕ ಹಾಕಲೇಬೇಡಿ. ಅಂಕ ಕಂಡರೆ ನಿಮ್ಮ ಟಿಪ್ಪಣಿ ಓದುವವರಿಲ್ಲ. ಕಾಗುಣಿತವನ್ನೂ ಆಗ ಮುಟ್ಟಬೇಡಿ. ವಾದ ಸಡಿಲಾದ ಎರಡು ಕಡೆ ಮಾತ್ರ ಗೆರೆ ಎಳೆದು, ಅಂಚಿನಲ್ಲಿ ಪ್ರಶ್ನೆ ಬರೆಯಿರಿ. ಹಾಳೆಗೆ ನಾಲ್ಕು ನಿಮಿಷದಂತೆ 60 ಹಾಳೆಗೆ ನಾಲ್ಕು ಗಂಟೆ. ಆ ಪ್ರಶ್ನೆ ನೋಡಿ ತಿದ್ದಿ ಬರೆದು, ವಾರದ ನಂತರ ಎರಡೂ ಕರಡು ಸೇರಿಸಿ ಪಿನ್ ಮಾಡಿ ಕೊಟ್ಟವರಿಗಷ್ಟೇ ಇಂಟರ್ನಲ್ ಅಂಕ.

ಸಿಲಬಸ್ ಮುಗಿಯಲ್ಲ ಅಂತೀರಿ. ನಿಜ, ಒಂದು ವಚನಕ್ಕೇ ಎರಡು ಪೀರಿಯಡ್ ಹೋಗುತ್ತದೆ. ಸೆಮಿಸ್ಟರಿಗೆ ಮೂರು ಪಠ್ಯಕ್ಕೆ ಹೀಗೆ ಮಾಡಿ, ಉಳಿದವಕ್ಕೆ ನೋಟ್ಸ್ ಕೊಟ್ಟುಬಿಡಿ.